ಅಂಚಿನ ವಿಮಾನ

೨೦೧೨ರ ಸೆಪ್ಟೆಂಬರ್ ೨೩, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ, ಬಿಳಿ ಒಣಗುತ್ತಿದೆ, ಮೊದಲು ಬದಿಗಳಲ್ಲಿ, ಆಮೇಲೆ ನಡುವೆ, ಹೊಸದಾಗಿ ಬಳಿದ ಸುಣ್ಣ ಒಣಗುವ ಹಾಗೆ, ಪುಡಿ ಮೂಗಿನ ಮೇಲೆ ಉದುರುತ್ತದೆ, ಸೀನಬಾರದು, ಸೀನಿದರೆ ಟಾರ್ಚು ಅಲುಗುತ್ತದೆ — ಬೆನ್ನ ಕೆಳಗೆ ವಿಮಾನ ಮಾರುವ ಎದಿಕ್ ಹಾಸಿಕೊಟ್ಟ ರಟ್ಟು, ರಟ್ಟಿನ ಕೆಳಗೆ ಕಾಂಕ್ರೀಟು, ಅದರ ತಣ್ಣನೆ ಸೊಂಟಕ್ಕೆ ಹತ್ತುತ್ತಿದೆ, ಅರವತ್ತೊಂದು ವರ್ಷದ ಹೆಂಗಸು ರೆಕ್ಕೆಯ ಕೆಳಗೆ ಅಂಗಾತ ಮಲಗಿ ಒಂದು ಅಂಗೈಯಗಲದ ಬಿಳಿಯನ್ನು ಹೀಗೆ ನೋಡುತ್ತಿದ್ದರೆ ಹೊರಗಿನಿಂದ ಹೇಗೆ ಕಾಣುತ್ತದೋ, ಬೂಟುಗಳು ಮಾತ್ರ ಕಾಣುತ್ತವೆ, ಎರಡು ಬೂಟು ಮತ್ತು ಒಂದು ಚೀಲ — ಬಣ್ಣ ಕೆರೆದದ್ದಾಯಿತು, ಲೋಹ ಒರೆಸಿದ್ದಾಯಿತು, ಕೆಂಪು ದ್ರವ ಹಚ್ಚಿ, ಅದು ಒಳಗಿಳಿಯಲು ಬಿಟ್ಟು, ಬಟ್ಟೆಯಲ್ಲಿ ಕೆಂಪು ಹತ್ತದಿರುವವರೆಗೆ ಉಜ್ಜಿ ತೆಗೆದು, ಮೇಲೆ ಬಿಳಿ ಸಿಂಪಡಿಸಿದ್ದೇನೆ, ಇನ್ನು ಹತ್ತು ನಿಮಿಷ ಕಾಯುವುದಷ್ಟೇ ಕೆಲಸ, ಬಿರುಕು ಇದ್ದರೆ ಅದರೊಳಗೆ ಅವಿತಿರುವ ಕೆಂಪು ತಾನಾಗಿ ಒಸರಿ ಬಿಳಿಯ ಮೇಲೆ ಬರುತ್ತದೆ, ಇಲ್ಲದಿದ್ದರೆ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ, ಮೂವತ್ತು ವರ್ಷ ಹಾರ್ಕಿವ್‌ನಲ್ಲಿ ಹುಡುಗರಿಗೆ ಇದನ್ನೇ ಕಲಿಸಿದೆ, ಲೋಹ ಹೇಗೆ ದಣಿಯುತ್ತದೆ, ದಣಿದ ಲೋಹ ಹೇಗೆ ಮುರಿಯುತ್ತದೆ, ಅವರಲ್ಲಿ ಅರ್ಧ ಜನ ಈಗ ಮೊಬೈಲ್ ಫೋನು ಮಾರುತ್ತಾರೆ. ಬಿಳಿ ಇನ್ನೂ ಬಿಳಿಯಾಗಿಯೇ ಇದೆ. ತಲೆಯ ಮೇಲಿಂದ, ಕಾಕ್‌ಪಿಟ್ಟಿನಿಂದ, ಅರ್ಕಾಶಾನ ಸಿಳ್ಳೆ, ಸಿಳ್ಳೆಯಲ್ಲ, ಉಸಿರು, ತುಟಿಗಳು ಈಗ ಸಿಳ್ಳೆಗೆ ಸರಿಯಾಗಿ ಸೇರುವುದಿಲ್ಲ, ಆದರೆ ರಾಗದ ಗುರುತು ಸಿಗುತ್ತದೆ, ಅವನು ಸುಖವಾಗಿದ್ದಾನೆ, ದೇವರೇ, ನನ್ನ ಗಂಡ ಸುಖವಾಗಿದ್ದಾನೆ, ಆಗಸ್ಟಿನಿಂದ ಈಚೆಗೆ ಇದೇ ಮೊದಲು.

ಅವನನ್ನು ಮೇಲೆ ಹತ್ತಿಸಿದ ಬಗೆ ನೆನಪಿಗೆ ಬೇಡ, ಬೇಡವೆಂದರೂ ಬರುತ್ತದೆ, ಎದಿಕ್ ಒಂದು ಕಂಕುಳಿಗೆ, ಕಾವಲುಗಾರ ಇನ್ನೊಂದು ಕಂಕುಳಿಗೆ, ನಾನು ಹಿಂದಿನಿಂದ ಮೊಣಕಾಲುಗಳನ್ನು ಮಡಿಸಿ ರೆಕ್ಕೆಯ ಮೇಲೆ ಇಡುತ್ತ, ಅವನು ನಗುತ್ತ, ಹಿಟ್ಟಿನ ಮೂಟೆ ಹುಷಾರಪ್ಪಾ, ಹೊಲಿಗೆ ಬಿಚ್ಚೀತು, ಅನ್ನುತ್ತ — ಕೂತ ಮೇಲೆ ಮಾತ್ರ ಬೇರೆಯೇ ಮನುಷ್ಯ, ಬೆನ್ನು ತಾನಾಗಿ ನೆಟ್ಟಗಾಯಿತು, ಕಣ್ಣು ಎಡದಿಂದ ಬಲಕ್ಕೆ ಮುಳ್ಳಿನ ಮಾಪಕಗಳ ಮೇಲೆ ಹರಿಯಿತು, ಎಡಗೈ ಹೋಗಬೇಕಾದಲ್ಲಿಗೆ ಹೋಯಿತು, ಬಲಗೈಯನ್ನು ಎಡಗೈಯಿಂದಲೇ ಎತ್ತಿ ವಿಮಾನ ನಡೆಸುವ ಕೋಲಿನ ಮೇಲೆ ಇಟ್ಟುಕೊಂಡ, ಬೆರಳುಗಳು ಮುಚ್ಚಲಿಲ್ಲ, ಅದನ್ನು ನಾನು ನೋಡಲಿಲ್ಲ ಎಂಬಂತೆ ಅವನು, ಅವನು ನೋಡಲಿಲ್ಲ ಎಂಬಂತೆ ನಾನು. ಮುಂದಿನ ಸೀಟು. ಮುಂದಿನದು ಶಿಷ್ಯನದು, ಹಿಂದಿನದು ಮೇಷ್ಟರದು, ಮೂವತ್ತೆಂಟು ವರ್ಷ ಅವನು ಹಿಂದೆಯೇ ಕೂತವನು, ನನ್ನ ತಲೆಯ ಹಿಂಭಾಗವನ್ನು ನೋಡುತ್ತಲೇ ನನ್ನನ್ನು ಪ್ರೀತಿಸಿದೆ ಅನ್ನುತ್ತಿದ್ದ, ಮುಖ ಆಮೇಲೆ ನೋಡಿದ್ದು, ಮುಖವೂ ಪರವಾಗಿರಲಿಲ್ಲ. ಈಗ ಅದಲುಬದಲು. ಹಿಂದೆ ಕೂತು ನೀನು ಬಯ್ಯಬೇಕು, ಜೀನಾ, ಚೆನ್ನಾಗಿ ಬಯ್ಯಬೇಕು, ನಾನು ಬಯ್ದ ಹಾಗೆ. ನೀನು ಬಯ್ದ ಹಾಗೆ ಬಯ್ದರೆ ಈ ಊರಿನ ಹಸುಗಳು ಹಾಲು ಬತ್ತಿಸಿಕೊಳ್ಳುತ್ತವೆ ಅಂದೆ. ಎದಿಕ್ ಜೋರಾಗಿ ನಕ್ಕ, ಮಾರುವವರು ನಗುವಷ್ಟು ಜೋರಾಗಿ.

ಕ್ಲಬ್ಬಿನವರು ಜುಲೈಯಲ್ಲಿ ಅವನನ್ನು ಸುತ್ತಾಡಿಸಿದರು, ಸುತ್ತಾಡಿಸಿದರು ಎಂಬುದೇ ಸರಿಯಾದ ಮಾತು, ಜಾತ್ರೆಯ ತಿರುಗುತೊಟ್ಟಿಲಲ್ಲಿ ಮಗುವನ್ನು ಕೂರಿಸಿದ ಹಾಗೆ, ಹಿಂದೆ ಕೂತ ಯುವಕ, ಅರ್ಕಾಶಾನ ಶಿಷ್ಯನ ಶಿಷ್ಯ, ಒಳ್ಳೆಯವನೇ, ತಾತ, ದಯವಿಟ್ಟು ಕೋಲು ಮುಟ್ಟಬೇಡಿ ಎಂದನಂತೆ, ಇಳಿದ ಮೇಲೆ ಅರ್ಕಾಶಾ ಕಾರಿನಲ್ಲಿ ಮನೆಯವರೆಗೂ ಮಾತಾಡಲಿಲ್ಲ, ಬಾಗಿಲು ತೆರೆಯುವಾಗ ಅಂದ, ಜೀನಾ, ನಂದೇ ಒಂದು ಬೇಕು. ಒಂದೇ ಒಂದು. ಬದುಕಿಡೀ ಸರ್ಕಾರದ ವಿಮಾನ ಹಾರಿಸಿದೆ, ಯಾರಪ್ಪನದ್ದೂ ಅಲ್ಲದ್ದು, ನಂದೇ ಆದರೆ ಮುಟ್ಟಬೇಡ ಅನ್ನೋಕೆ ಯಾರಿಗೆ ಬಾಯಿದೆ? ನನಗಿದೆ ಅಂದೆ. ನಿನಗೆ ಬಿಡು, ನಿನಗೆ ಯಾವತ್ತೂ ಇತ್ತು ಅಂದ. ಹೀಗೆ ಶುರುವಾಯಿತು, ಉಳಿದ ಬೇಸಿಗೆಯಿಡೀ ಯಾಕ್‌ಗಳನ್ನು ನೋಡಿಕೊಂಡು ಓಡಾಡಿದ್ದು, ಹಳೆಯ ಸೈನ್ಯದ ತರಬೇತಿ ವಿಮಾನಗಳು, ಕ್ಲಬ್ಬುಗಳು ಮುಚ್ಚಿದ ಮೇಲೆ ಕೊಟ್ಟಿಗೆಗಳಲ್ಲಿ, ಸಕ್ಕರೆ ಕಾರ್ಖಾನೆಯ ಶೆಡ್ಡುಗಳಲ್ಲಿ ಉಳಿದುಕೊಂಡಂಥವು, ಸೂಮಿ ಊರಿನ ಹತ್ತಿರ ನೋಡಿದ ಮೊದಲನೆಯದರಲ್ಲಿ ಇಲಿಗಳು ಬಾಲದ ಬಟ್ಟೆ ತಿಂದು ಮರಿ ಹಾಕಿದ್ದವು, ಎರಡನೆಯದರ ಮಾಲೀಕ ರೆಕ್ಕೆಯ ಮುಚ್ಚಳ ತೆರೆಯಲು ಒಪ್ಪಲಿಲ್ಲ, ತೆರೆದರೆ ಅದೃಷ್ಟ ಹಾರಿಹೋಗುತ್ತೆ ಅಂದ, ನಿಮ್ಮ ಹೆಂಡತಿಯ ಪೆಟ್ಟಿಗೆ ನೋಡೋಕೆ ಕೇಳ್ತಿಲ್ಲ ಅಂತ ಅರ್ಕಾಶಾ, ಮೂರನೆಯದು — ಮೂರನೆಯದು ಚೆನ್ನಾಗಿತ್ತು, ರೆಕ್ಕೆಯ ಭಾರ ಹೊರುವ ಒಳಗಿನ ತೊಲೆಗೆ ಹೊಸ ಬಲಪಟ್ಟಿ ಕೂರಿಸಿದ್ದರು, ಎಂಜಿನ್ ಗಡಿಯಾರದಂತೆ, ಆದರೆ ಯಾರೋ ಅದರ ಮೂತಿಗೆ ಶಾರ್ಕ್ ಮೀನಿನ ಬಾಯಿ ಬರೆದು ಹಲ್ಲು ಬಿಡಿಸಿದ್ದರು, ಅರ್ಕಾಶಾ ಕಾರಿನಿಂದ ಇಳಿಯಲೇ ಇಲ್ಲ. ಇದು ಮೇಷ್ಟ್ರು ಕಣೇ, ಮೇಷ್ಟ್ರಿಗೆ ಹಲ್ಲು ಬರೀತಾರಾ? ಹಲ್ಲು ಉಜ್ಜಿದರೆ ಹೋಗುತ್ತೆ, ಬಣ್ಣ ಅದು, ಅಂದೆ. ಹೋಗುತ್ತೆ, ಆದರೆ ಅದಕ್ಕೆ ಅವಮಾನ ಆಗಿರೋದು ಹೋಗಲ್ಲ. ಮುಂದಿನ ಗುರುವಾರ ಅದನ್ನು ಹಂಗೇರಿಯ ಹಲ್ಲಿನ ಡಾಕ್ಟರೊಬ್ಬ ಕೊಂಡ, ಹಲ್ಲಿನ ಡಾಕ್ಟರ್ರೇ, ನಾವಿಬ್ಬರೂ ಅಡುಗೆಮನೆಯಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು, ನಗುತ್ತ ಅವನಿಗೆ ಚಹಾ ನೆತ್ತಿಗೇರಿತು, ಕೆಮ್ಮಿದ, ಕೆಮ್ಮು ನಿಲ್ಲಲಿಲ್ಲ, ನೀಲಿಯಾದ, ಬೆನ್ನು ಗುದ್ದಿದೆ, ಆಮೇಲಿಂದ ಚಹಾದಲ್ಲಿ ಗಂಜಿಪುಡಿ ಬೆರೆಸಿ ಗಟ್ಟಿಮಾಡಿ ಕೊಡುತ್ತೇನೆ.

ಕೆಂಪು ಇದೆಯೇ — ಇಲ್ಲ, ನನ್ನ ರೆಪ್ಪೆಯ ನೆರಳು. ಬೋಲ್ಟಿನ ತೂತಿನ ಸುತ್ತ ಬಿಳಿ ಒಣಗಿ ಗಟ್ಟಿಯಾಗಿದೆ, ತೂತಿನ ಮುಂಭಾಗದಲ್ಲಿ ಇನ್ನೂ ಹಸಿ, ಅಲ್ಲಿ ನೋಡಬೇಕು, ರೆಕ್ಕೆ ಮೇಲಕ್ಕೆ ಬಾಗಿದಾಗಲೆಲ್ಲ ತೊಲೆಯ ಕೆಳಪಟ್ಟಿ ಎಳೆತಕ್ಕೆ ಸಿಕ್ಕುತ್ತದೆ, ಎಳೆತ ತೂತಿನ ಬದಿಯಲ್ಲಿ ಮೂರು ಪಟ್ಟು, ಗಾಳಿಯಲ್ಲಿ ತಲೆಕೆಳಗಾಗಿ ಸುತ್ತುವ ಒಂದೊಂದು ಲೂಪಿಗೂ ಒಂದೊಂದು ಎಳೆತ, ಎಷ್ಟು ಹುಡುಗರು, ಎಷ್ಟು ಲೂಪುಗಳು, ಲೋಹ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ, ಮರೆಯುವ ಅನುಕೂಲ ಅದಕ್ಕಿಲ್ಲ. ಎದಿಕ್ ಹೊರಗೆ ಯಾರೊಂದಿಗೋ ಫೋನಿನಲ್ಲಿ, ಹೂಂ ಹೂಂ, ಇವತ್ತೇ ಮುಗಿಯುತ್ತೆ, ಮುದುಕಪ್ಪ ಮನಸ್ಸು ಕೊಟ್ಟಾಗಿದೆ, ಅಜ್ಜಿ ಕೆಳಗೆ ಸುಣ್ಣ ಬಳೀತಿದಾರೆ — ಸುಣ್ಣವಲ್ಲ, ಮೂರ್ಖ. ಬೆಳಿಗ್ಗೆ ಬಾಗಿಲು ತಳ್ಳಿ ವಿಮಾನ ತೋರಿಸುತ್ತ ಅವನು ಅಂದದ್ದು, ನೋಡಿ ಅರ್ಕಾದಿ ಸವೆಲ್ಯೊವಿಚ್, ನನ್ನ ಹತ್ರ ಇರೋ ಕೊನೆಯ ವಿಮಾನ ಇದು. ಅರ್ಕಾಶಾನ ಮುಖ ಹುಳಿ ತಿಂದ ಹಾಗಾಯಿತು. ಅಂಚಿನದು ಅನ್ನಯ್ಯಾ. ಏನು? ಅಂಚಿನದು. ಕೊನೆಯದು ಅನ್ನಬಾರದು. ಎದಿಕ್‌ಗೆ ಅರ್ಥವಾಗಲಿಲ್ಲ, ವಿಮಾನ ಮಾರುತ್ತಾನೆ, ಹಾರುವವನಲ್ಲ, ಹಾರುವವರಲ್ಲಿ ಯಾರೂ ಆ ಮಾತನ್ನು ಬಾಯಿಗೆ ತರುವುದಿಲ್ಲ, ಕೊನೆ ಎಂದರೆ ನಿಜಕ್ಕೂ ಕೊನೆಯಾದೀತೆಂದು, ಅಂಚಿನ ಹಾರಾಟ, ಅಂಚಿನ ಇಳಿತ, ಅಂಚಿನ ರಜೆ, ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಕೂಡ ಅರ್ಕಾಶಾ ಅಂಚಿನವರು ಯಾರಪ್ಪಾ ಎಂದೇ ಕೇಳುತ್ತಿದ್ದ, ಅಂಗಡಿಯ ದಪ್ಪ ಹೆಂಗಸು, ಅಂಚು ಮೇಜಿಗಿರುತ್ತೆ, ಸಾಲಿಗೆ ಕೊನೆ ಇರುತ್ತೆ, ಎಷ್ಟು ಸಲ ಹೇಳಬೇಕು, ಎನ್ನುತ್ತ ಅವನಿಗೆ ಬಿಸಿಯಾದದ್ದನ್ನೇ ಹುಡುಕಿ ಕೊಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ನಾನೊಮ್ಮೆ ಅಂದೆ, ಇದು ಮೂಢನಂಬಿಕೆ, ನೀನು ವಾಯುಬಲವಿಜ್ಞಾನ ಓದಿದವನು. ಓದಿದ್ದೇನೆ, ಅದಕ್ಕೇ ಹೆದರ್ತೀನಿ, ಅಂದ. ಆಗಸ್ಟಿನಲ್ಲಿ ಕಂಡ ನರಗಳ ಡಾಕ್ಟರು, ನಮ್ಮ ಮಗಳಿದ್ದರೆ ಅಷ್ಟು ವಯಸ್ಸಿನವಳು, ಉಗುರಿಗೆ ಗುಲಾಬಿ ಬಣ್ಣ, ಅವಳು ಕಾಗದದ ಮೇಲೆ ಬೆನ್ನುಹುರಿ ಬರೆದು ತೋರಿಸಿದಳು, ನರಗಳು ಒಂದೊಂದಾಗಿ ಸ್ನಾಯುಗಳ ಜೊತೆ ಮಾತು ಬಿಡುತ್ತವೆ, ಮೊದಲು ಕೈ, ಆಮೇಲೆ ಗಂಟಲು, ವಸಂತಕ್ಕೆ ಮೊದಲೇ ನುಂಗುವುದಕ್ಕೆ ನಳಿಗೆ ಬೇಕಾಗಬಹುದು, ಆಮೇಲೆ ಉಸಿರು, ಅದು ಕೊನೆಯ ಹಂತ. ಅಂಚಿನ ಹಂತ ಅನ್ನಿ, ಡಾಕ್ಟ್ರಮ್ಮಾ, ಅಂದ ಅರ್ಕಾಶಾ, ಮೃದುವಾಗಿ, ಸಂಕೇತ ತಪ್ಪು ಹೇಳಿದ ಶಿಷ್ಯನನ್ನು ತಿದ್ದುವ ಹಾಗೆ. ಅವಳು ಪಾಪ ತಿದ್ದಿಕೊಂಡಳು. ಅಂಚಿನ ಹಂತ ಎಂದಳು, ಆಮೇಲೆ ಕಿಟಕಿ ನೋಡಿದಳು.

ಅದಕ್ಕೇ ಇದೇ ಆಗಬೇಕು, ಬೇರೆ ಇಲ್ಲ, ಹುಡುಕಲು ಹೊತ್ತಿಲ್ಲ, ಅಕ್ಟೋಬರ್ ನಡುವಿಗೆ ಮಳೆ ಹಿಡಿದರೆ ಇಲ್ಲಿಯ ಕರಿಮಣ್ಣಿನ ಮೈದಾನಗಳು ಚಕ್ರ ನುಂಗುತ್ತವೆ, ಆಮೇಲೆ ಹಿಮ, ಆಮೇಲೆ ವಸಂತ, ವಸಂತ ಬಂದಾಗ ಅವನ ಎಡಗೈ ಕೂಡ — ಬಿಳಿ ನೋಡು, ಜಿನೈದಾ, ಬಿಳಿ ನೋಡು. ಎಂಟು ನಿಮಿಷವಿರಬಹುದು. ಎಂಥದೋ ವಾಸನೆ, ಬಿಳಿಯದ್ದು, ಪೆಟ್ರೋಲಿನದ್ದು, ಹಳೆ ರಬ್ಬರಿನದ್ದು, ಹೊರಗಿನ ಹೊಲದಲ್ಲಿ ಒಣಗಿ ಕಪ್ಪಾದ ಸೂರ್ಯಕಾಂತಿ ಕೊಯ್ಯುವ ಯಂತ್ರದ ಧೂಳು, ಎಪ್ಪತ್ತೆಂಟರಲ್ಲೂ ಇದೇ ವಾಸನೆಯಿತ್ತು, ನಾನು ಮುಂದೆ, ಅವನು ಹಿಂದೆ, ಮೊದಲ ಲೂಪಿನ ತುದಿಯಲ್ಲಿ ತಲೆಕೆಳಗಾಗಿ ತೂಗುವಾಗ ಜೇಬಿನ ಸೂರ್ಯಕಾಂತಿ ಬೀಜಗಳೆಲ್ಲ ಗಾಜಿನ ಮೇಲೆ ಮಳೆಯಂತೆ ಸುರಿದವು, ಕಿವಿಯಲ್ಲಿ ಅವನ ಗುಡುಗು, ಯಾವ ಕೋಳಿ ಕಾಳು ತಂದದ್ದು ಇಲ್ಲಿ! ಕ್ಷಮಿಸಿ, ಕಾಮ್ರೇಡ್ ಬೋಧಕರೇ. ಇಳಿದ ಮೇಲೆ ಒಂದೊಂದೇ ಹೆಕ್ಕಬೇಕು, ಒಂದು ಬೀಜ ಕೋಲಿನ ಬುಡಕ್ಕೆ ಸಿಕ್ಕರೆ ನಿನ್ನ ತಾಯಿಗೆ ನಾನೇನು ಹೇಳಲಿ? ಇಬ್ಬರೂ ಮಂಡಿಯೂರಿ ಹೆಕ್ಕಿದೆವು, ಸಂಜೆಯವರೆಗೆ, ಅವನು ಒಂದೊಂದನ್ನೇ ಬಾಯಿಗೆ ಹಾಕಿಕೊಳ್ಳುತ್ತಿದ್ದ, ಸಾಕ್ಷ್ಯ ನಾಶ ಎನ್ನುತ್ತಿದ್ದ. ಅವನು ಹಲ್ಲಿನಲ್ಲಿ ಬೀಜ ಒಡೆಯುವ ಸದ್ದು. ಈಗ ಬೀಜವನ್ನು ಅವನು ನುಂಗಲಾರ.

ಜೀನಾ. ಮೇಲಿನಿಂದ. ಏನು? ಏನಿಲ್ಲ, ಇದ್ದೀಯೋ ಅಂತ. ಎಲ್ಲಿಗೆ ಹೋಗಲಿ, ಬೂಟು ಕಾಣ್ತಿಲ್ವಾ? ಕುತ್ತಿಗೆ ಬಗ್ಗಿಸೋಕಾದ್ರೆ ತಾನೇ ಕಾಣೋದು. ಹಾಗಾದರೆ ನಂಬು. ಚಪ್ಪರದ ತಗಡಿನ ಮೇಲೆ ಪಾರಿವಾಳದ ನಡಿಗೆ, ಆಮೇಲೆ ಅವನ ದನಿ, ನಾಲಿಗೆ ಭಾರವಾದ ಈಚಿನ ದನಿ, ಆದರೆ ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ, ಜೀನಾ, ಇದು ನನ್ನ ಕೊನೆಯ ವಿಮಾನ. ಏನಂದ. ಏನಂದೆ ಅಂತ ಕೇಳಲಿಲ್ಲ, ಕೇಳಿಸಿತು, ಕೊನೆಯ ಅಂದ, ಮೂವತ್ತನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಅನ್ನದ್ದು, ಅವರಮ್ಮ ಸತ್ತಾಗಲೂ ಅಂಚಿನ ಪಯಣ ಎಂದವನು, ಎದಿಕ್‌ನನ್ನು ಎರಡು ಗಂಟೆ ಹಿಂದೆ ತಿದ್ದಿದವನು, ತಾನೇ, ಯಾರೂ ಕೇಳದೆ, ಕೊನೆಯ ಅಂದ, ನಾಲಿಗೆ ಜಾರಿದ್ದಲ್ಲ, ಅವನ ನಾಲಿಗೆಗೆ ಈಗ ಜಾರುವ ಶಕ್ತಿಯಿಲ್ಲ, ಪ್ರತಿ ಮಾತನ್ನೂ ಎತ್ತಿ ಇಡಬೇಕು, ಆ ಮಾತನ್ನು ಅವನು ಎತ್ತಿ ಇಟ್ಟ. ಹೆದರುವುದನ್ನು ಬಿಟ್ಟಿದ್ದಾನೆ. ಯಾಕೆ ಬಿಟ್ಟ — ಬೆಳಿಗ್ಗೆ, ಹತ್ತುವ ಮುಂಚೆ, ನನ್ನ ತೋಳು ಹಿಡಿದು ವಿಮಾನದ ಸುತ್ತ ಬರುವಾಗ, ಎಡ ರೆಕ್ಕೆಯ ಬುಡದಲ್ಲಿ ನಿಂತ, ಉಸಿರು ತೆಗೆದುಕೊಳ್ಳಲು ಎಂದುಕೊಂಡೆ, ಹೆಬ್ಬೆರಳನ್ನು ರಿವೆಟುಗಳ ಸಾಲಿನ ಮೇಲೆ ಓಡಿಸಿದ, ಆಮೇಲೆ ಅಂಗಿಯ ತೋಳಿನ ತುದಿಯಿಂದ ಒರೆಸಿದ, ಇದೇ ಆಗಲಿ, ಜೀನಾ, ಅಂದ, ಬೇರೆ ನೋಡೋದು ಬೇಡ. ಅವನ ಬಿಳಿ ಅಂಗಿಯ ತೋಳಿನ ಮೇಲೆ ಬೂದುಗಪ್ಪು ಗೀರು, ಧೂಳು ಎಂದುಕೊಂಡೆ, ಎಂದುಕೊಳ್ಳಲು ಬಯಸಿದೆ. ರಿವೆಟಿನ ಸುತ್ತ ಹೊಗೆಯಾಡಿದಂತೆ ಕಪ್ಪು ಕಟ್ಟಿದ್ದರೆ ಕೆಳಗೆ ಲೋಹ ಅಲುಗುತ್ತಿದೆ ಎಂದರ್ಥ, ಇದನ್ನು ನನಗೆ ಕಲಿಸಿದ್ದು ಯಾರು, ಇದೇ ಹೆಬ್ಬೆರಳು, ಮೊದಲ ವಾರ, ಹಿಮದಲ್ಲಿ, ಕೈಗವಸು ತೆಗಿ, ಉಗುರಲ್ಲಿ ನೋಡು, ಕಣ್ಣನ್ನು ನಂಬಬೇಡ. ಅವನಿಗೆ ಗೊತ್ತು. ಅವನಿಗೆ ಬೆಳಿಗ್ಗೆಯಿಂದ ಗೊತ್ತು. ಆರಿಸಿದ್ದು ಗೊತ್ತಿದ್ದೇ.

ಹಾಗಾದರೆ ಕೆಳಗೆ ಮಲಗಿ ನಾನು ನೋಡುತ್ತಿರುವುದು ಏನನ್ನು, ಬಿಳಿಯನ್ನು, ಬಿಳಿಯ ಮೇಲೆ — ಬಂತು. ತೂತಿನ ಮುಂಭಾಗದಲ್ಲಿ, ಮೊದಲು ಸೂಜಿಮೊನೆಯಷ್ಟು ಒಂದು ಚುಕ್ಕೆ, ಪಕ್ಕದಲ್ಲಿ ಇನ್ನೊಂದು, ಅವೆರಡರ ನಡುವೆ ಕೂದಲೆಳೆಯಂತೆ ಕೆಂಪು, ನೋಡುತ್ತಿದ್ದಂತೆಯೇ ಉದ್ದವಾಗುತ್ತ, ಯಾವ ಸದ್ದೂ ಇಲ್ಲದೆ, ಯಾರೋ ಒಳಗಿನಿಂದ ಬರೆಯುತ್ತಿರುವಂತೆ. ಟಾರ್ಚು ಓರೆ ಹಿಡಿದೆ. ಗೀರಲ್ಲ. ಕೊಳೆಯಲ್ಲ. ಬಟ್ಟೆಯಿಂದ ಒರೆಸಿ ಮತ್ತೆ ಸಿಂಪಡಿಸಿದರೆ ಮತ್ತೆ ಬರುತ್ತದೆ, ಒರೆಸಲಿಲ್ಲ, ಬರುತ್ತದೆಂದು ಗೊತ್ತು. ಮೆಲ್ಲಗೆ ಹಾರಿದರೆ, ಲೂಪಿಲ್ಲದೆ, ನೇರ, ಮಟ್ಟಸ, ಹೊಳೆಯ ಮೇಲೆ ಒಂದು ಸುತ್ತು, ಎಳೆತ ಒಂದೂವರೆ ಪಟ್ಟು ಮೀರದಂತೆ, ತೊಲೆ ತಡೆದೀತು, ತಡೆಯಬಹುದು, ಲೆಕ್ಕ ಹಾಕಬಲ್ಲೆ, ಹಾಕಿದರೆ ಒಂದು ಹಾರಾಟವನ್ನಾದರೂ ಲೆಕ್ಕ ಒಪ್ಪುತ್ತದೆ, ಆದರೆ ಅವನು ಕೋಲು ಹಿಡಿದು ಮೂಗು ಕೆಳಗಿಳಿಸಿ ವೇಗ ಕೂಡಿಸಿ ಎಳೆಯುತ್ತಾನೆ, ಎಡಗೈಯಿಂದ, ಎರಡೂ ಮುಂಗೈಗಳಿಂದ, ಎಳೆದೇ ಎಳೆಯುತ್ತಾನೆ, ಅದಕ್ಕಾಗಿಯೇ ಬಂದವನು, ಹಿಂದಿನ ಸೀಟಿನಿಂದ ನಾನು ತಡೆಯಬೇಕು, ತಾತ, ಕೋಲು ಮುಟ್ಟಬೇಡಿ, ಅನ್ನಬೇಕು, ಅಥವಾ ಅನ್ನದೆ ಇರಬೇಕು. ಅನ್ನದೆ ಇರುವುದು ಸುಲಭ. ಬಿಳಿ ಒರೆಸಿ, ಮುಚ್ಚಳ ಹಾಕಿ, ತಿರುಪು ಬಿಗಿದು, ಚೊಕ್ಕವಾಗಿದೆ ಅರ್ಕಾಶಾ ಎಂದರೆ ಮುಗಿಯಿತು, ನಾವಿಬ್ಬರೂ ಮೇಲೆ, ಸೂರ್ಯಕಾಂತಿಗಳ ಮೇಲೆ, ನಳಿಗೆಯಿಲ್ಲ, ಗಂಜಿಪುಡಿಯಿಲ್ಲ, ಹಾಸಿಗೆಯ ಪಕ್ಕ ಉಸಿರಿನ ಯಂತ್ರ ಎಣಿಸುತ್ತ ಕೂರುವುದಿಲ್ಲ, ಆಮೇಲಿನ ಖಾಲಿ ಅಡುಗೆಮನೆಯಿಲ್ಲ. ಅವನು ಕೇಳುತ್ತಿರುವುದು ಇದನ್ನೇ, ಬಾಯಿಬಿಟ್ಟು ಕೇಳಲಾರದೆ ಆ ಒಂದು ಮಾತನ್ನು ಎತ್ತಿಟ್ಟು ಕೇಳುತ್ತಿದ್ದಾನೆ. ಆದರೆ ಆ ಹೊಲದಲ್ಲಿ ಯಂತ್ರ ನಡೆಸುತ್ತಿರುವವನು, ಅವನ ತಲೆಯ ಮೇಲೆ ರೆಕ್ಕೆ — ಮತ್ತೆ ನಾನು, ನನಗೆ ಬದುಕಬೇಕೇ, ಕೇಳಿಕೊಂಡದ್ದೇ ಇಲ್ಲ, ಕೆಂಪು ಗೆರೆ ಈಗ ನಿಂತಿದೆ, ಬೆಳೆಯುತ್ತಿಲ್ಲ, ಎರಡೂ ತುದಿ ಸ್ಪಷ್ಟ.

ಅಳತೆಯ ವರ್ನಿಯರ್ ಜೇಬಿನಲ್ಲಿ ಬೆಚ್ಚಗಾಗಿದೆ. ದವಡೆಗಳನ್ನು ತೆರೆದು ಗೆರೆಯ ಎರಡು ತುದಿಗೆ ಹಿಡಿದೆ. ಸಿಳ್ಳೆಯ ಉಸಿರು ನಿಂತಿದೆ. ಓದು, ಜೀನಾ, ಎಂದ ಮೇಲಿನಿಂದ, ಹಾಗೆಯೇ ಅನ್ನುತ್ತಿದ್ದ, ಹಿಂದಿನ ಸೀಟಿನಿಂದ, ಮೋಡದೊಳಗೆ ಏನೂ ಕಾಣದಾಗ, ಓದು, ನಾನು ಎತ್ತರ ಓದುತ್ತಿದ್ದೆ, ವೇಗ ಓದುತ್ತಿದ್ದೆ, ಮುಳ್ಳು ಎಲ್ಲಿದೆಯೋ ಅಲ್ಲಿ, ಒಮ್ಮೆಯೂ ಆಚೀಚೆ ಮಾಡಿ ಹೇಳಲಿಲ್ಲ, ಅದನ್ನು ನಂಬಿ ಅವನು ನಮ್ಮಿಬ್ಬರನ್ನೂ ನೆಲಕ್ಕೆ ಇಳಿಸುತ್ತಿದ್ದ. ಇಲ್ಲವೆಂದರೆ ನಂಬುತ್ತಾನೆ. ನಂಬುವುದಿಲ್ಲ, ಗೊತ್ತಿದ್ದೂ ನಂಬಿದ ಹಾಗೆ ಮಾಡುತ್ತಾನೆ, ಆಮೇಲೆ ಉಳಿದಷ್ಟು ಹೊತ್ತೂ ನಾವಿಬ್ಬರೂ ಒಬ್ಬರಿಗೊಬ್ಬರು ಹಾಗೆಯೇ ಮಾಡುತ್ತ, ಗಾಳಿಯಲ್ಲೂ. ಬಿಳಿಯ ಮೇಲೆ ಕೆಂಪು ಗೆರೆ. ಕಣ್ಣು ಮುಚ್ಚಿದೆ, ಅಲ್ಲಿಯೂ ಇತ್ತು, ಕೂದಲಿನಷ್ಟು ತೆಳು. ತೆರೆದೆ. ಬಿಳಿಯ ಮೇಲೆ ಕೆಂಪು ಗೆರೆ. ಅರ್ಕಾಶಾ, ಎಂದೆ. ಹೂಂ, ಎಂದ. ಬಿಳಿಯ ಮೇಲೆ ಕೆಂಪು ಗೆರೆ, ಓದಿದೆ, ಮೇಲಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ. ಹದಿಮೂರು ಬಿಂದು ನಾಲ್ಕು ಮಿಲಿಮೀಟರ್.